ಹಿಂದುಮುಂದಾದ ಒಂದು ವಾಕ್ಯ

ಕಮಲಾಪುರದ ಅತ್ತೆಮನೆಯಿಂದ ಹದಿನಾಲ್ಕು ವಾಕ್ಯಗಳು ಸಿಕ್ಕಿದ್ದವು, ಕಲಬುರಗಿಯ ಮೋಮಿನಪುರದ ತವರುಮನೆಯಿಂದ ಒಂಬತ್ತು. ಈ ಇಪ್ಪತ್ಮೂರು ವಾಕ್ಯಗಳೊಳಗೆ ಒಬ್ಬ ಹೆಣ್ಣುಮಗಳು ಸೋಮವಾರ ಹೆತ್ತು, ಬುಧವಾರ ಮನೆಗೆ ಬಂದು, ಶನಿವಾರ ಬೆಳಗಿನ ಜಾವ ಅಂಬುಲೆನ್ಸಿನಲ್ಲಿ ಸತ್ತುಹೋಗಿದ್ದಳು. ಅವಳಿಗೆ ಇಪ್ಪತ್ನಾಲ್ಕು ವರ್ಷ. ಅದು ಅವಳ ಎರಡನೇ ಹೆರಿಗೆ. ಕೂಸು ಬದುಕಿತ್ತು.

ಬಸುರಿಯೋ ಬಾಣಂತಿಯೋ ಸತ್ತರೆ ಆ ಮನೆಗೆ ಹೋಗಿ, ಏನಾಯಿತು, ಯಾವಾಗ ಆಯಿತು ಎಂದು ಕೇಳಿಕೊಂಡು ಬಂದು ಬರೆಯುವುದು ನನ್ನ ಕೆಲಸ. ಫಾರಂ ಹತ್ತಾರು ಪುಟದ್ದು. ಆದರೆ ಮೇಲಿನವರು ಓದುವುದು ಕೊನೆಯ ಅರ್ಧ ಪುಟವನ್ನು ಮಾತ್ರ. ಅಲ್ಲಿ ನಡೆದದ್ದನ್ನೆಲ್ಲ ಒಂದೇ ಪ್ಯಾರಾದಲ್ಲಿ, ಕ್ರಮವಾಗಿ ಬರೆಯಬೇಕು. ಅದರ ಕೆಳಗೆ ಮೂರು ಚೌಕಗಳಿರುತ್ತವೆ. ಮನೆಯವರು ಹೊರಡುವುದಕ್ಕೆ ತಡಮಾಡಿದರೆ ಮೊದಲನೆಯದು, ದಾರಿಯಲ್ಲಿ ತಡವಾದರೆ ಎರಡನೆಯದು, ಆಸ್ಪತ್ರೆಯಲ್ಲಿ ತಡವಾದರೆ ಮೂರನೆಯದು. ಯಾವುದಾದರೊಂದಕ್ಕೆ ಗುರುತು ಹಾಕಬೇಕು. ತಪ್ಪು ಯಾರದೆಂದು ಹುಡುಕುವುದಕ್ಕೆ ಬಂದಿಲ್ಲ, ಇನ್ನೊಬ್ಬ ತಾಯಿ ಹೀಗೆ ಸಾಯಬಾರದೆಂದು ಬಂದಿದ್ದೇವೆ ಎಂದು ಹೊಸ್ತಿಲಲ್ಲೇ ಹೇಳಬೇಕು ಎಂಬುದು ನಿಯಮ. ನಾನು ಹೇಳುತ್ತೇನೆ. ಕೇಳಿದವರು ತಲೆಯಾಡಿಸುತ್ತಾರೆ, ಒಬ್ಬರೂ ನಂಬುವುದಿಲ್ಲ.

ದುಃಖದಲ್ಲಿರುವವರು ಯಾರೂ ಮೊದಲಿನಿಂದ ಶುರು ಮಾಡುವುದಿಲ್ಲ. ಕೊನೆಯದನ್ನು ಮೊದಲು ಹೇಳುತ್ತಾರೆ, ಅಲ್ಲಿಂದ ಮದುವೆಗೆ ಹಾರುತ್ತಾರೆ, ಮದುವೆಯಿಂದ ನಿನ್ನೆಯ ಅಡುಗೆಗೆ ಬರುತ್ತಾರೆ. ಅದಕ್ಕೆ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಅವರು ಹೇಳಿದ ಒಂದೊಂದು ವಾಕ್ಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಮೂಲೆಯಲ್ಲಿ ಹೇಳಿದವರು ಯಾರೆಂದು ಗುರುತು ಹಾಕಿ, ಮನೆಗೆ ಬಂದು ಫ್ಯಾನು ಆರಿಸಿ ನೆಲದ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ಈ ನೌಕರಿಗೆ ಮುಂಚೆ ಸೇಡಂ ರಸ್ತೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪರೀಕ್ಷೆ ಬರೆಯುವವರಿಗೆ ಕನ್ನಡ ಹೇಳಿಕೊಡುತ್ತಿದ್ದೆ. ‘ಕೆಳಗಿನ ವಾಕ್ಯಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ’ ಎಂಬ ಪ್ರಶ್ನೆಯಲ್ಲಿ ನನ್ನ ಕ್ಲಾಸಿನವರು ಅಂಕ ಕಳೆದುಕೊಳ್ಳುತ್ತಿರಲಿಲ್ಲ ಎಂಬುದು ನನ್ನ ಜಂಬ. ಬೇರೆ ಯಾವುದರ ನಂತರವೂ ಬರಲಾಗದ ವಾಕ್ಯ ಯಾವುದು ಹುಡುಕಿ, ಅದೇ ಮೊದಲನೆಯದು. ಆಮೇಲೆ ಒಂದರ ಬಾಲ ಇನ್ನೊಂದರ ತಲೆಗೆ ಎಲ್ಲಿ ಕೂಡುತ್ತದೆ ನೋಡಿ ಎನ್ನುತ್ತಿದ್ದೆ. ಅದನ್ನೇ ಸಾವಿನ ಮನೆಗೂ ತಂದಿದ್ದೆ.

ಕಮಲಾಪುರಕ್ಕೆ ಮೊದಲ ಸಲ ಹೋದಾಗ ಅತ್ತೆ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನನ್ನ ಮುಖ ನೋಡದೆಯೇ ಮಾತಾಡಿದಳು.

“ನಾವೇನ್ ಕಡಿಮಿ ಮಾಡಿಲ್ರಿ. ಜುಮ್ಮಾದ ದಿನ, ಶುಕ್ರವಾರ ಬೆಳಿಗ್ಗೆ, ನನ್ನ ಮಗ ಗಾಡಿ ಮಾಡಿ ದವಾಖಾನಿಗಿ ಒಯ್ದಿದ್ದ. ನಮಾಜಿನ ಹೊತ್ತಿಗಿ ತಿರುಗಿ ಬಂದ್ರು. ಗುಳಿಗಿ ಕೊಟ್ಟಾರ, ಒಂದ್ ಸೂಜಿ ಹಾಕ್ಯಾರ, ಆರಾಮ ಆಗ್ತದ ಅಂದಾರ.”

“ಒಳಗ ಕರಕೊಂಡು ನೋಡಿದ್ರಂತೇನು?”

“ಕುಂತಲ್ಲೇ ಕೇಳಿ ಕಳಿಸ್ಯಾರಂತ.”

“ಬಟ್ಟಿ ಎಷ್ಟು ಬದಲಿಸ್ತಿದ್ಲು?”

ಈ ಪ್ರಶ್ನೆ ಕೇಳಲೇಬೇಕು. ರಕ್ತ ಎಷ್ಟು ಹೋಯಿತೆಂದು ತಿಳಿಯುವುದಕ್ಕೆ ನಮಗಿರುವ ಅಳತೆ ಅದೊಂದೇ. ಅತ್ತೆಯ ಕೈ ಕೂಸಿನ ಎದೆಯ ಮೇಲೆ ನಿಂತಿತು.

“ಆಕೀನೇ ಒಗದು ಹಾಕ್ತಿದ್ಲ್ರೀ, ನನಗ ನಾಚಿ. ಎಷ್ಟಂತ ಹೇಳ್ಲಿ? ಶನಿವಾರ ನಸುಕಿನಾಗ ಬಚ್ಚಲ ಬಾಗಿಲಾಗ ಬಿದ್ದಾಗಲೇ ನಾ ನೋಡಿದ್ದು.”

ಆಸ್ಪತ್ರೆಯ ಚೀಟಿ ಕೇಳಿದೆ. ಗಂಡನ ಅಂಗಿಯ ಜೇಬಿನಲ್ಲೇ ಇತ್ತಂತೆ. ಮೈಯ್ಯತ್ತು ಮಣ್ಣು ಮಾಡಿದ ಮರುದಿನ ಯಾರೋ ನೆಂಟರು ಅಂಗಿಯನ್ನು ಒಗೆದುಬಿಟ್ಟಿದ್ದರು. ಆ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ, ಆ ಹೆಸರಿನವರು ಆ ದಿನ ಬಂದದ್ದು ಪುಸ್ತಕದಲ್ಲಿ ಇಲ್ಲ ಎಂದರು. ಒಂದು ಕಡೆ ಅತ್ತೆಯ ಮಾತು, ಇನ್ನೊಂದು ಕಡೆ ಖಾಲಿ ಪುಸ್ತಕ. ‘ಕರೆದೊಯ್ದಿದ್ದಾಗಿ ಮನೆಯವರು ಹೇಳುತ್ತಾರೆ’ ಎಂದು ಬರೆದುಕೊಂಡೆ. ನಮ್ಮ ಭಾಷೆಯಲ್ಲಿ ಹಾಗೆ ಬರೆದರೆ ಅರ್ಧ ನಂಬಿಲ್ಲ ಎಂದೇ ಲೆಕ್ಕ.

ಮೋಮಿನಪುರದ ತಾಯಿ ಬೇರೆ ಥರದವರು. ಮನೆಯಲ್ಲಿ ಅವರದು ದಖನಿ ಉರ್ದು. ನಾನು ಬಂದೆನೆಂದು ಕನ್ನಡದಲ್ಲೇ ಹೇಳುತ್ತೇನೆಂದು ಹಟ ಹಿಡಿದರು. ಒಂದೊಂದು ಮಾತನ್ನೂ ಅಳೆದು ಹೇಳಿದರು. ಅತ್ತಿದ್ದು ಒಂದೇ ಕಡೆ, ಅದೂ ಸದ್ದಿಲ್ಲದೆ.

“ಶುಕ್ರವಾರದ ರಾತ್ರಿ ಫೋನ್ ಮಾಡಿದ್ಲ್ರಿ. ಆಗಷ್ಟೇ ಮಗ್ರಿಬ್ ಆಗಿತ್ತು, ದೀಪ ಹಚ್ಚಾಕತ್ತಿದ್ದೆ. ಅಮ್ಮಿ, ನೆತ್ತರ ಬಾಳ ಹೋಗಾಕತ್ತದ, ತಲಿ ತಿರಗತದ ಅಂದ್ಲು. ಹೆತ್ತ ಮ್ಯಾಲ ಹೋಗ್ತದ ಬೇಟಾ, ಅಂಜಬ್ಯಾಡ, ಈಗ ಮಲಕೋ, ಬೆಳಿಗ್ಗೆ ಎದ್ದು ದವಾಖಾನಿಗಿ ಹೋಗು ಅಂದೆ. ನಾನೇ ಅಂದೆ. ಈ ಬಾಯಿಲೇ ಅಂದೆ.”

ಹೇಳಿದ್ದನ್ನು ಚೀಟಿಗಿಳಿಸಿದೆ. ಅವರ ಫೋನು ಗುಂಡಿ ಒತ್ತುವ ಸಣ್ಣ ಫೋನು. ಸಾವಿನ ಸುದ್ದಿ ಕೇಳಿ ಮಾತಾಡಿಸಿದವರ ಕರೆಗಳೇ ತುಂಬಿ, ಹಳೆಯವೆಲ್ಲ ಅದರಿಂದ ಅಳಿಸಿಹೋಗಿದ್ದವು. ಮಗಳ ಫೋನು ಎಲ್ಲಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಹತ್ತಾರು ಪುಟದ ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ, ನನ್ನ ತಲೆಗೂ ಹೊಳೆಯಲಿಲ್ಲ.

ಆ ಭಾನುವಾರ ಮಧ್ಯಾಹ್ನ ಚೀಟಿಗಳನ್ನು ಹರಡಿಕೊಂಡು ಕೂತೆ. ಮದುವೆಯ ಮಾತು, ಕೂಸಿನ ತೂಕದ ಮಾತು, ಅಳುವಿನ ಮಾತುಗಳನ್ನು ಬದಿಗಿಟ್ಟ ಮೇಲೆ ಹನ್ನೊಂದು ಉಳಿದವು. ಸೋಮವಾರದ ಹೆರಿಗೆ ಮೊದಲು, ಬುಧವಾರ ಮನೆಗೆ ಬಂದದ್ದು ಆಮೇಲೆ. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆ, ಗುಳಿಗೆ, ನಮಾಜಿನ ಹೊತ್ತಿಗೆ ವಾಪಸ್ಸು. ಶುಕ್ರವಾರ ರಾತ್ರಿ ತಾಯಿಗೆ ಫೋನು. ಈಗ ಮಲಗು, ಬೆಳಿಗ್ಗೆ ಹೋಗು. ಅದರ ಕೆಳಗೆ ಅತ್ತೆಯ ಚೀಟಿ: ನಸುಕಿನಲ್ಲಿ ಬಚ್ಚಲ ಬಾಗಿಲಲ್ಲಿ ಬಿದ್ದಳು. ಬೆಳಿಗ್ಗೆ ಎಂಬ ಒಂದರ ಬಾಲಕ್ಕೆ ನಸುಕಿನಲ್ಲಿ ಎಂಬ ಇನ್ನೊಂದರ ತಲೆ ಕೂಡಿತು. ಎಲ್ಲೂ ಸಂದು ಬಿಡದೆ ಪ್ಯಾರಾ ನಿಂತಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು. ಎದ್ದು ಚಹಾ ಮಾಡಿಕೊಂಡು ಕುಡಿದೆ. ‘ರಕ್ತಸ್ರಾವ ಹೆಚ್ಚಿದ್ದರೂ ತಾಯಿಯ ಸಲಹೆಯಂತೆ ಬೆಳಗಿನವರೆಗೆ ಕಾಯಲಾಯಿತು’ ಎಂದು ಬರೆದು, ಮೊದಲನೆಯ ಚೌಕಕ್ಕೆ ಗುರುತು ಹಾಕಿದೆ.

ನಮ್ಮ ವೈದ್ಯಾಧಿಕಾರಿ ಓದಿ, “ಇಷ್ಟು ಸಾಫ್ ಯಾರೂ ಬರಿಯಂಗಿಲ್ಲ ನೋಡ್ರಿ,” ಎಂದರು. ಸಾಫ್ ಆಗಿಯೇ ಇತ್ತು. ಆಸ್ಪತ್ರೆಯವರಿಗೂ ತೊಂದರೆ ಇರಲಿಲ್ಲ, ಅಂಬುಲೆನ್ಸಿನವರಿಗೂ ತೊಂದರೆ ಇರಲಿಲ್ಲ.

ಜಿಲ್ಲಾ ಮಟ್ಟದ ವಿಮರ್ಶಾ ಸಭೆಗೆ ಸತ್ತವರ ಕಡೆಯವರನ್ನೂ ಕರೆಯುತ್ತಾರೆ. ಒಂದು ಬೆಂಚಿನಲ್ಲಿ ಅತ್ತೆ ಮತ್ತು ಗಂಡ, ಇನ್ನೊಂದರಲ್ಲಿ ತಾಯಿ. ನಮ್ಮ ಅಧಿಕಾರಿ ನನ್ನ ಪ್ಯಾರಾವನ್ನು ಗಟ್ಟಿಯಾಗಿ ಓದಿದರು. ‘ಸಾವಿನ ಹಿಂದಿನ ಸಂಜೆ, ಶುಕ್ರವಾರ, ಮೃತಳು ತನ್ನ ತಾಯಿಗೆ ಕರೆ ಮಾಡಿದಳು’ ಎಂಬಲ್ಲಿಗೆ ಬಂದಾಗ ಅತ್ತೆ ತಟ್ಟನೆ ತಲೆಯೆತ್ತಿದಳು. ಆ ಫೋನಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ತಾಯಿ ಮಾತ್ರ ತಲೆ ತಗ್ಗಿಸಿದವರು ಎತ್ತಲಿಲ್ಲ. ಓದಿದ್ದು ಸರಿಯಿದೆಯೇ ಎಂದು ಅಧಿಕಾರಿ ಕೇಳಿದರು. ಸರಿಯದ ರೀ ಎಂದರು ತಾಯಿ.

ಹೊರಗಿನ ಮೊಗಸಾಲೆಯಲ್ಲಿ ಅತ್ತೆ ಅವರನ್ನು ಅಡ್ಡಗಟ್ಟಿದಳು.

“ಆಕಿ ಸಾಯಾಕತ್ತೀನಿ ಅಂತ ನಿನಗ ಹೇಳ್ಯಾಳ, ನೀ ಮಲಕೋ ಅಂದೀ? ನನಗೊಂದು ಫೋನ್ ಮಾಡಿದ್ರ ರಾತ್ರೋರಾತ್ರಿ ಒಯ್ತಿದ್ದೆನಲ್ಲ! ಇನ್ನ ಮ್ಯಾಲ ಕೂಸುಗಳ ಮುಖಾ ನೋಡಾಕ ನಮ್ಮ ಹೊಸ್ತಿಲಿಗಿ ಬರಬ್ಯಾಡ. ಅವರೂ ಬರಂಗಿಲ್ಲ.”

ನಾನು ನಡುವೆ ಹೋಗಿ, ಇದು ತಪ್ಪು ಹುಡುಕುವುದಕ್ಕಲ್ಲ ಎಂದು ಕಲಿತ ಪಾಠ ಒಪ್ಪಿಸಿದೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ಗಂಡ ತನ್ನ ತಾಯಿಯನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದ.

ಸತ್ತವಳ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದರು. “ಬಿಡ್ರಿ. ಕಾಗದದಾಗ ಅದ, ಖರೇನೇ ಇರ್ತದ,” ಎಂದರು. ಆಮೇಲೆ, “ಈ ಶುಕ್ರವಾರದ ರಾತ್ರಿ ನಮ್ಮ ಮನ್ಯಾಗ ಚಾಲೀಸ್ವಾಂ ಫಾತಿಹಾ ಅದ, ನಲವತ್ತನೇ ದಿನದ್ದು. ಆಕೀ ಸಲುವಾಗಿ ಇಷ್ಟೆಲ್ಲಾ ಓಡ್ಯಾಡೀರಿ. ಬರ್ರಿ,” ಎಂದು ಕರೆದರು. ಅವರ ಮೊಮ್ಮಕ್ಕಳನ್ನು ಅವರಿಂದ ಕಿತ್ತುಕೊಂಡದ್ದು ನನ್ನ ಅರ್ಧ ಪುಟ. ಆದರೂ ಕರೆದರು. ಬರುತ್ತೇನೆ ಎಂದೆ.

ಶುಕ್ರವಾರ ಸಂಜೆ ಸ್ಟೇಶನ್ ಬಜಾರಿನಲ್ಲಿ ಒಂದಿಷ್ಟು ಹಣ್ಣು ಕಟ್ಟಿಸಿಕೊಂಡು ಆಟೊ ಹತ್ತಿ ಹೋದೆ. ಮನೆ ಮುಂದೆ ಒಂದು ಚಪ್ಪಲಿಯೂ ಇರಲಿಲ್ಲ. ಅಂಗಳದಲ್ಲಿ ಬಾಡಿಗೆಯ ದೊಡ್ಡ ಪಾತ್ರೆಗಳನ್ನು ತೊಳೆದು ಮಗುಚಿ ಹಾಕಿದ್ದರು. ತಾಯಿ ಬಾಗಿಲು ತೆಗೆದು, ನನ್ನ ಕೈಯ ಹಣ್ಣು ನೋಡಿ ಕಕ್ಕಾಬಿಕ್ಕಿಯಾದರು.

“ನಿನ್ನಿ ದಾರಿ ನೋಡಿದ್ನೆಲ್ರಿ. ಬರಲಿಲ್ಲ ನೀವು.”

“ನಿನ್ನೆ? ಶುಕ್ರವಾರ ರಾತ್ರಿ ಅಂದಿದ್ರಿ?”

“ಹೂಂ. ನಿನ್ನಿ ಹೊತ್ತು ಮುಳುಗಿತಲ್ಲ, ಅದೇ ಶುಕ್ರವಾರದ ರಾತ್ರಿ. ನಮ್ಮಲ್ಲಿ ರಾತ್ರಿ ಮೊದಲ ಬರ್ತದ, ಹಗಲ ಹಿಂದ. ಇವತ್ತು ಹೊತ್ತು ಮುಳುಗಿತು, ಈಗ ಶನಿವಾರ ಹಿಡದದ.”

ನಾನು ಹಣ್ಣಿನ ಚೀಲ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತೆ. ನಮ್ಮ ಮನೆಯಲ್ಲಿ ಸೂರ್ಯ ಹುಟ್ಟಿದರೆ ದಿನ ಹುಟ್ಟಿತು. ಅಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತರೂ ಅವಳಿಗೆ ಅದು ನಿನ್ನೆಯ ರಾತ್ರಿಯೇ. ಆಫೀಸಿನ ದಿನ ಹನ್ನೆರಡು ಗಂಟೆಗೆ ಬದಲಾಗುತ್ತದೆ. ಹೊತ್ತು ಮುಳುಗಿದರೆ ಮರುದಿನ ಹಿಡಿಯಿತು ಎಂದು ಲೆಕ್ಕ ಹಾಕುವ ಮನೆಗಳು ನಮ್ಮ ಓಣಿಯಿಂದ ಕೂಗಳತೆಯಲ್ಲಿವೆ. ಗುರುವಾರಕ್ಕೆ ಜುಮೇರಾತ್, ಅಂದರೆ ಜುಮ್ಮಾದ ರಾತ್ರಿ, ಎನ್ನುವುದನ್ನು ಸಂತೆಯಲ್ಲಿ ಕೇಳುತ್ತಲೇ ಬೆಳೆದವಳು ನಾನು, ಏಕೆ ಹಾಗೆನ್ನುತ್ತಾರೆ ಎಂದು ಒಂದು ದಿನವೂ ಯಾರನ್ನೂ ಕೇಳಿಲ್ಲ.

ತಾಯಿ ಒಳಗಿಂದ ನೀರು ತಂದರು. ಹಣ್ಣಿನ ಚೀಲ ಅವರ ಕೈಗಿಟ್ಟು, ನೀರು ಕುಡಿದು ಮನೆಗೆ ಬಂದೆ. ಚೀಟಿಗಳನ್ನು ತೆಗೆದು ಮತ್ತೆ ಹಾಸಿದೆ. ಸರಿಸಬೇಕಾದದ್ದು ಒಂದೇ ಚೀಟಿ. ತಾಯಿಗೆ ಫೋನು ಮಾಡಿದ್ದು ಶುಕ್ರವಾರ ಬೆಳಗಿನ ಆಸ್ಪತ್ರೆಯ ಕೆಳಗಿತ್ತು, ಅದನ್ನು ತೆಗೆದು ಮೇಲಿಟ್ಟೆ. ಗುರುವಾರ ಸಂಜೆ ಮಗಳು ಫೋನು ಮಾಡಿದಳು; ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋಗು ಎಂದರು ತಾಯಿ; ಅವಳು ಬೆಳಿಗ್ಗೆ ಎದ್ದು ಹೋದಳು; ಅವರು ಕುಳಿತಲ್ಲೇ ಕೇಳಿ, ಗುಳಿಗೆ ಕೊಟ್ಟು ಕಳಿಸಿದರು. ಮಾಸಿನ ಚೂರು ಒಳಗೆ ಉಳಿದಿರಬೇಕೆಂದು ಸಭೆಯಲ್ಲಿ ದೊಡ್ಡ ಡಾಕ್ಟರು ಹೇಳಿದ್ದರು; ಹೊಟ್ಟೆ ಮುಟ್ಟಿ ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತೋ ಏನೋ. ಯಾವ ಮಾತು ಅವಳನ್ನು ಕೊಂದಿತೆಂದು ನಾನು ಬರೆದಿದ್ದೆನೋ ಅದೇ ಮಾತು ಅವಳನ್ನು ಆಸ್ಪತ್ರೆಗೆ ಹೊರಡಿಸಿತ್ತು.

ಇನ್ನೊಂದು ನನ್ನ ಕಣ್ಣಿಗೆ ಚುಚ್ಚಿತು. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದವಳು ಅದೇ ಸಂಜೆ ತಾಯಿಗೆ ಫೋನು ಮಾಡಿದ್ದರೆ, ಹೋಗಿದ್ದೆ, ಹೀಗೆಂದು ಕಳಿಸಿದರು ಎಂದು ಹೇಳದೆ ಇರುತ್ತಿದ್ದಳೇ? ತಾಯಿಯ ಒಂಬತ್ತು ವಾಕ್ಯಗಳಲ್ಲಿ ಎಲ್ಲಿಯೂ ಅದರ ಸುಳಿವಿರಲಿಲ್ಲ. ಕ್ಲಾಸಿನ ಹುಡುಗಿಯೊಬ್ಬಳು ಇಂಥ ತಪ್ಪು ಮಾಡಿದ್ದರೆ ನಾನು ಎಲ್ಲರೆದುರಿಗೆ ಗದರುತ್ತಿದ್ದೆ.

ಸೋಮವಾರ ಅಧಿಕಾರಿಯ ಮುಂದೆ ನಿಂತೆ. ಫೈಲು ಮೇಲೆ ಹೋಗಿದೆ, ಸಹಿ ಆಗಿದೆ, ಆ ತಾಯಿಯೇ ಸರಿಯದ ಅಂದಾಳ ಎಂದರು. ನಾನು ದಿನದ ಲೆಕ್ಕ ವಿವರಿಸಿದೆ. ಅವರು ಕನ್ನಡಕ ತೆಗೆದಿಟ್ಟರು.

“ನೀವು ಹೇಳೋದು ಖರೇ ಇರಬಹುದು. ಆದ್ರ ಈಗ ಗುರುತು ಮೂರನೇ ಚೌಕಕ್ಕ ಹೋಗ್ತದ. ಒಂದು ದವಾಖಾನಿ ಮ್ಯಾಲ ಹೋಗ್ತದ. ಫಾತಿಹಾಕ್ಕ ಒಂದು ದಿನ ತಡಾ ಮಾಡಿ ಹೋಗಿದ್ದೆ, ಅದಕ್ಕ ಗೊತ್ತಾತು ಅಂತ ಬರೀಲೇನು? ಪುರಾವೆ ತರ್ರಿ.”

ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಪುರಾವೆ ಕೇಳದೆ ಬರೆದವಳು ನಾನೇ.

ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಅತ್ತೆ ಒಳಗೆ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ. ಸೊಸೆಯ ಫೋನು ಬೇಕು ಎಂದೆ. ಸತ್ತ ದಿನ ತೆಗೆದಿಟ್ಟಿದ್ದು, ಯಾರೂ ಮುಟ್ಟಿಲ್ಲ ಎಂದು ಟ್ರಂಕಿನೊಳಗಿನ ಬುರ್ಖಾದ ಮಡಿಕೆಯಿಂದ ತೆಗೆದುಕೊಟ್ಟಳು. ಬ್ಯಾಟರಿ ಸತ್ತಿತ್ತು. ಚಾರ್ಜಿಗೆ ಹಾಕಿ ಇಬ್ಬರೂ ಗೋಡೆಗೊರಗಿ ಕೂತೆವು. ಕೂಸು ಅವಳ ಕಾಲ ಮೇಲೆ ನಿದ್ದೆ ಹೋಗಿತ್ತು, ದೊಡ್ಡ ಮಗು ನನ್ನ ಪೆನ್ನಿಗೆ ಕೈ ಹಾಕುತ್ತಿತ್ತು.

ಫೋನು ಹತ್ತಿಕೊಂಡಿತು. ಕರೆಗಳ ಪಟ್ಟಿ ತೆಗೆದೆ. ಗುರುವಾರ, ಸಂಜೆ ಏಳು ಇಪ್ಪತ್ತು, ‘ಅಮ್ಮಿ’, ನಾಲ್ಕು ನಿಮಿಷ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗ ಅದರ ಮೇಲಿನ ಸಾಲು ಕಣ್ಣಿಗೆ ಬಿತ್ತು. ಆ ಫೋನಿನಿಂದ ಹೋದ ಕೊನೆಯ ಕರೆ ಅದು. ಶುಕ್ರವಾರ, ರಾತ್ರಿ ಎಂಟು ಹದಿನಾಲ್ಕು, ‘ಅಮ್ಮಿ’. ಮಾತಾಡಿದ ಹೊತ್ತು ಸೊನ್ನೆ.

“ಏನದ ಅದ್ರಾಗ?” ಎಂದಳು ಅತ್ತೆ. ಅವಳಿಗೆ ಓದು ಬರದು.

ಗುರುವಾರದ್ದನ್ನು ಹೇಳಿದೆ. ದಿನದ ಲೆಕ್ಕ ಅವಳಿಗೆ ವಿವರಿಸಬೇಕಿರಲಿಲ್ಲ.

“ಹಂಗಂದ್ರ ಆಕಿ ಹೇಳಿದ್ದಕ್ಕೇ ನನ್ನ ಸೊಸಿ ಬೆಳಿಗ್ಗೆ ಎದ್ದು ದವಾಖಾನಿಗಿ ಹೋಗೂನು ಅಂತ ಹಟ ಹಿಡದಿದ್ಲು?”

“ಹೌದ್ರಿ.”

“ಮತ್ತ ನಾವು ಒಯ್ದಿದ್ದೆವು.”

“ಒಯ್ದಿದ್ರಿ.”

“ಅವರು ಕಳಿಸಿದ್ರು.” ಕೂಸಿನ ನೆತ್ತಿ ಸವರುತ್ತ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. “ನಾ ಆ ಹೆಣ್ಮಗಳಿಗಿ ಏನೇನ್ ಅಂದ್ನಲ್ರೀ, ಅಷ್ಟು ಮಂದಿ ಮುಂದ.”

ಗುರುವಾರದ ಕರೆಯನ್ನು ಒಂದು ಹಾಳೆಗೆ ಬರೆದು ಅವಳ ಹೆಬ್ಬೆಟ್ಟು ಹಾಕಿಸಿಕೊಂಡೆ. ಮೇಲಿನ ಸಾಲನ್ನು ಬರೆಯಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಅದೊಂದೇ ತಲೆ ತಿನ್ನುತ್ತಿತ್ತು. ಪದ್ಧತಿಯಂತೆ ಅದಕ್ಕೂ ಒಂದು ಚೀಟಿ ಮಾಡಬೇಕು. ಮಾಡಿದರೆ ಆ ತಾಯಿ ಮತ್ತೆ ಕಟಕಟೆಗೆ. ಬಿಟ್ಟರೆ ಆಗುವ ನಷ್ಟವೇನು? ಎತ್ತದ ಫೋನು ಯಾವ ಚೌಕಕ್ಕೂ ಸೇರುವುದಿಲ್ಲ. ಗಂಡ ಮನೆಯಲ್ಲೇ ಇದ್ದ, ಅತ್ತೆ ಪಕ್ಕದ ಕೋಣೆಯಲ್ಲಿದ್ದಳು, ತಾಯಿ ಇದ್ದದ್ದು ಒಂದು ತಾಸಿನ ದಾರಿಯಾಚೆ. ಆ ತಾಯಿಗೆ ಇದು ಗೊತ್ತೂ ಇರಲಿಕ್ಕಿಲ್ಲ, ಏಕೆ ಗೊತ್ತು ಮಾಡಬೇಕು? ಹೀಗೆ ನೂರೆಂಟು ಸಮಜಾಯಿಷಿ ಹೇಳಿಕೊಂಡೆ. ಒಂದನ್ನು ಮಾತ್ರ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ: ನಾನು ಮಾಡಿದ ಅನ್ಯಾಯವನ್ನು ಆದಷ್ಟು ಬೇಗ ತೊಳೆದುಕೊಂಡು ಹಗುರಾಗಬೇಕಿತ್ತು, ಈ ಚೀಟಿ ಅದಕ್ಕೆ ಅಡ್ಡ ಬರುತ್ತಿತ್ತು.

ತಿದ್ದುಪಡಿ ಕೊಟ್ಟೆ. ಅಧಿಕಾರಿ ಎರಡು ಸಲ ಓದಿ, ಸಹಿ ಹಾಕಿ ಕಳಿಸಿದರು. ಗುರುತು ಮೊದಲನೆಯ ಚೌಕದಿಂದ ಮೂರನೆಯದಕ್ಕೆ ಹೋಯಿತು. ಆ ಆಸ್ಪತ್ರೆಗೆ ನೋಟಿಸು ಹೋಯಿತೆಂದು ಕೇಳಿದೆ, ಆಮೇಲೇನಾಯಿತೋ ತಿಳಿಯದು. ಅದೇ ಶುಕ್ರವಾರ ಬೆಳಿಗ್ಗೆ ಕಮಲಾಪುರದ ಅಳಿಯ ಎರಡೂ ಮಕ್ಕಳನ್ನು ಕರೆದುಕೊಂಡು ಮೋಮಿನಪುರಕ್ಕೆ ಬಂದ. ಇನ್ನು ಪ್ರತಿ ಶುಕ್ರವಾರ ತಂದು ಸಂಜೆವರೆಗೆ ಬಿಡುತ್ತೇನೆ ಎಂದನಂತೆ.

ಆ ಮಧ್ಯಾಹ್ನವೇ ನಾನು ಹೋದೆ. ತಾಯಿಯ ಮಡಿಲಲ್ಲಿ ಕೂಸಿತ್ತು. ದೊಡ್ಡದು ಚಾಪೆಯ ಮೇಲೆ ಉರುಳಾಡುತ್ತಿತ್ತು. ನಾನು ಅವರ ಕ್ಷಮೆ ಕೇಳಿದೆ. ಹೊಸ ಪ್ಯಾರಾವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ನಿಮ್ಮ ಮಾತಿನಿಂದ ಅವಳು ಸಾಯಲಿಲ್ಲ, ನಿಮ್ಮ ಮಾತು ಕೇಳಿಯೇ ಅವಳು ಆಸ್ಪತ್ರೆಗೆ ಹೋಗಿದ್ದಳು ಎಂದೆ. ಅವರು ಕೂಸನ್ನು ತಟ್ಟುತ್ತ ಕೇಳಿಸಿಕೊಂಡರು.

“ಇಷ್ಟೇ ಏನು?” ಎಂದರು.

“ಇಷ್ಟೇ ರೀ.”

“ನೀವು ಆಕಿ ಫೋನ್ ನೋಡೀರಂತ. ಹಿಂದಿನ ದಿನದ್ದು ನೋಡೀರಿ ಅಂದ್ರ ಮರುದಿನದ್ದೂ ನೋಡೀರಿ.”

ನಾನು ಹಾಳೆಯನ್ನು ಮಡಚಿದೆ, ಮತ್ತೆ ಬಿಚ್ಚಿದೆ.

“ನಾ ರಾತ್ರಿ ಇಶಾ ನಮಾಜಿನಾಗ ಇದ್ದೆ. ಫೋನ್ ಬಾಜೂಕೇ ಚಾರ್ಜಿಗಿ ಹಚ್ಚಿದ್ದೆ, ಹೊಡಕೊಳ್ಳಾಕತ್ತಿತ್ತು. ನಮಾಜ್ ಮುರೀಲಿಲ್ಲ. ಮುಗಿಸಿ ನೋಡಿದೆ, ಆಕೀದೇ ನಂಬರ. ಹಸಿಬಾಣಂತಿ, ಈಗಷ್ಟೇ ಕಣ್ಣು ಮುಚ್ಚಿರತಾಳ, ಯಾಕ ಎಬ್ಬಿಸಲಿ, ಬೆಳಿಗ್ಗೆ ಮಾತಾಡಿದ್ರಾತು ಅಂತ ಬಿಟ್ಟೆ.” ಅವರ ಕೈ ತಟ್ಟುತ್ತಲೇ ಇತ್ತು. “ಮೀಟಿಂಗಿನಾಗ ಸಾಹೇಬರು ಹಿಂದಿನ ಸಂಜಿ ಫೋನ್ ಅಂತ ಓದಿದಾಗ ಅದೇ ಅಂದ್ಕೊಂಡೆ. ಸರ್ಕಾರಕ್ಕ ಎಲ್ಲಾ ಗೊತ್ತಾಗ್ತದ ಅಂದ್ಕೊಂಡೆ. ಅದಕ್ಕೇ ಸರಿಯದ ಅಂದಿದ್ದೆ.”

ಆಗ ತಿಳಿಯಿತು ನನಗೆ, ಅವತ್ತು ಅವರು ತಲೆ ತಗ್ಗಿಸಿದ್ದು ನಾನು ಬರೆದ ಸುಳ್ಳಿಗಲ್ಲ, ಎತ್ತದ ಆ ಫೋನಿಗೆ. ಆ ಕರೆ ಯಾವ ಚೌಕಕ್ಕೂ ಸೇರದ್ದು, ನೀವೂ ಕಷ್ಟಪಡಬಾರದು, ಮಕ್ಕಳು ಬರುವುದು ನಿಲ್ಲಬಾರದು ಎಂದು ಬಿಟ್ಟೆ ಎಂದು ತೊದಲಿದೆ.

“ನನ್ನ ಉಳಸಾಕ ಹೋಗಿ, ಆಕಿ ಕರದಿದ್ದನ್ನೇ ಅಳಿಸಿಬಿಟ್ರಲ್ಲ ಬೇಟಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಗಂಡಗ ಹೇಳಿಲ್ಲ, ಅತ್ತಿಗಿ ಹೇಳಿಲ್ಲ. ನನ್ನ ಕರದಾಳ. ಕಡೀಕ ಆಕಿ ಮಾಡಿದ್ದು ಅದೊಂದೇ. ಅದೂ ಇಲ್ಲದಂಗ ಮಾಡಬ್ಯಾಡ್ರಿ. ಬರೀರಿ.”

“ಬರದ್ರ ಕಮಲಾಪುರದವರು ಮತ್ತ...”

“ಗೊತ್ತದ.”

ಕೂಸು ಎಚ್ಚರಾಗಿ ಮುಖ ಕಿವಿಚಿತು. ಅವರು ಹೆಗಲಿಗೆ ಹಾಕಿಕೊಂಡರು. ಆಮೇಲೆ ನನ್ನನ್ನು ನೇರವಾಗಿ ನೋಡಿ ಕೇಳಿದರು. “ಒಂದು ಹೇಳ್ರಿ, ನೀವು ಇಂಥಾವು ಬಾಳ ನೋಡೀರಿ. ನಾ ಎತ್ತಿದ್ರ ಉಳೀತಿದ್ಲೇನು?”

ಇಲ್ಲ ಎನ್ನಬಹುದಿತ್ತು. ಎಷ್ಟೋ ಮನೆಗಳಲ್ಲಿ ಅಂದಿದ್ದೇನೆ. ರಾತ್ರಿ ಎಂಟೂಕಾಲಿಗೆ ಅಂಬುಲೆನ್ಸು ಹೊರಟಿದ್ದರೆ ಒಂಬತ್ತೂವರೆಯ ಹೊತ್ತಿಗೆ ದೊಡ್ಡ ಆಸ್ಪತ್ರೆ, ರಕ್ತ, ಡಾಕ್ಟರು. ಆ ಲೆಕ್ಕವನ್ನು ನಾನು ಬಸ್ಸಿನಲ್ಲೇ ಹಾಕಿಬಿಟ್ಟಿದ್ದೆ.

“ಉಳೀಬಹುದಿತ್ತ್ರಿ,” ಎಂದೆ. ಅಂದವಳೇ ಅತ್ತುಬಿಟ್ಟೆ. ನನ್ನ ಕೆಲಸದಲ್ಲಿ ಯಾರ ಮನೆಯಲ್ಲೂ ಅತ್ತವಳಲ್ಲ. ಅವರು ಅಳಲಿಲ್ಲ. ತಲೆಯಾಡಿಸಿ, ಕೂಸಿನ ಬೆನ್ನು ನೀವಿದರು.

‘ಶುಕ್ರವಾರ ರಾತ್ರಿ ಎಂಟು ಹದಿನಾಲ್ಕಕ್ಕೆ ಮೃತಳು ತನ್ನ ತಾಯಿಗೆ ಮತ್ತೆ ಕರೆ ಮಾಡಿದಳು, ಕರೆ ಸ್ವೀಕೃತವಾಗಲಿಲ್ಲ.’ ಆಸ್ಪತ್ರೆಯಿಂದ ಮರಳಿದ ವಾಕ್ಯಕ್ಕೂ ನಸುಕಿನಲ್ಲಿ ಬಿದ್ದ ವಾಕ್ಯಕ್ಕೂ ನಡುವೆ ಇದನ್ನು ಸೇರಿಸಿ ಎರಡನೇ ತಿದ್ದುಪಡಿ ಕೊಟ್ಟೆ. ಅಧಿಕಾರಿ, ಇದು ಯಾಕೆ ಬೇಕು ಎಂದರು. ಬೇಕು ಎಂದೆ. ಕಮಲಾಪುರಕ್ಕೆ ಹೋಗಿ ನಾನೇ ಹೇಳಬೇಕು, ಮೆಲ್ಲಗೆ ಹೇಳಬೇಕು ಎಂದುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ತಾಯಿ ತಾವೇ ಬೀಗಿತ್ತಿಗೆ ಫೋನು ಮಾಡಿ ಹೇಳಿಬಿಟ್ಟಿದ್ದರು.

ಮುಂದಿನ ಶುಕ್ರವಾರ ಬೆಳಗಿನ ಕೆಲಸ ಮುಗಿಸಿಕೊಂಡು ಆ ಕಡೆ ಹಾದೆ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಅವರೊಬ್ಬರೇ ಕೂತಿದ್ದರು. ಒಲೆಯ ಮೇಲೆ ಹಾಲು ಕಾದು ಕೆನೆಗಟ್ಟಿತ್ತು. ಜುಮ್ಮಾದ ನಮಾಜು ಮುಗಿಸಿದವರು ಓಣಿಯಲ್ಲಿ ಮನೆಗೆ ಹೋಗುತ್ತಿದ್ದರು. ನಾನೂ ಚಾಪೆಯ ಅಂಚಿಗೆ ಕೂತೆ. ಆಟೊ ಸದ್ದಾದಾಗಲೆಲ್ಲ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದೆವು. ಹೊತ್ತಿಳಿದು ಅಸರ್ ಅಜಾನ್ ಆಯಿತು. ಯಾರೂ ಬರಲಿಲ್ಲ.

“ಬಂದಾರು ರೀ, ಮುಂದಿನ ವಾರ ಬಂದಾರು,” ಎಂದೆ.

“ಬರಲಿ, ಬಾರದಿರಲಿ,” ಎಂದು ಅವರು ನಮಾಜಿಗೆ ಎದ್ದರು. “ನನ್ನ ಮಗಳು ನನ್ನ ಕರದಿದ್ಲು ಅಂತ ಎಲ್ಲಾರಿಗೂ ಗೊತ್ತಾತು.”